ಅಮಾಸಿ ಕಳೀಲಿ

ನಮ್ಮ ಅತ್ತೆಗೆ ಟೆಕ್ಸಾಸಿನಲ್ಲಿ ಒಮ್ಮೆ ವೋಟು ಹಾಕಬೇಕೆಂಬ ಆಸೆ ಇತ್ತು. ಬಂಗಾರ ಬೇಡಿದವರಲ್ಲ, ಸೀರೆ ಬೇಡಿದವರಲ್ಲ, ಎಲ್ಲರ ಅತ್ತೆಯರ ಹಾಗೆ ನಯಾಗರಾ ತೋರಿಸಿ ಎಂದವರೂ ಅಲ್ಲ. ಇದೊಂದನ್ನು ಬಾಯಿಬಿಟ್ಟು ಕೇಳಿದರು. ಮನೆಯಲ್ಲಿ ಓದಿದವರಿಗೆ ಕೊರತೆ ಇರಲಿಲ್ಲ, ಎಲ್ಲರ ಕೈಯಲ್ಲೂ ಫೋನಿತ್ತು, ಬಾಗಿಲಲ್ಲಿ ಎರಡು ಕಾರು ನಿಂತಿದ್ದವು. ಆದರೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ. ನಾನೂ ನಗುತ್ತಲೇ ಹೇಳಲು ಶುರುಮಾಡುತ್ತೇನೆ, ಅರ್ಧಕ್ಕೆ ಬರುವಷ್ಟರಲ್ಲಿ ನಗು ನಿಂತಿರುತ್ತದೆ.

ನಾನು ಮೈಸೂರಿನವಳು, ಅತ್ತೆ ಧಾರವಾಡದವರು. ಮಾವ ತೀರಿಕೊಂಡ ಮೇಲೆ ನನ್ನ ಗಂಡ ಅವರನ್ನು ಹ್ಯೂಸ್ಟನ್ನಿಗೆ, ನಮ್ಮ ಮನೆಗೆ ಕರೆದುಕೊಂಡು ಬಂದರು. ಬಂದ ಹೊಸದರಲ್ಲಿ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೆ. "ನೀವು ಮೈಸೂರು ಮಂದಿ ಸಾರಿಗಷ್ಟ ಅಲ್ಲ, ಮಾತಿಗೂ ಬೆಲ್ಲ ಹಾಕ್ತೀರಿ" ಎಂದು ಅವರು ಚುಚ್ಚುತ್ತಿದ್ದರು. "ನಿಮ್ಮೂರಲ್ಲಿ ಊಟಕ್ಕೆ ಕರೆದ್ರೂ ಜಗಳಕ್ಕೆ ಕರೆದ ಹಾಗಿರುತ್ತೆ ಅತ್ತೆ" ಎಂದು ನಾನು ತಿರುಗಿಸುತ್ತಿದ್ದೆ. ಬರಬರುತ್ತಾ ಈ ಚುಚ್ಚುಮಾತೇ ನಮ್ಮ ಸಲಿಗೆಯಾಯಿತು. ಅವರು ಚುಚ್ಚದ ದಿನ ಮೈ ಸರಿ ಇಲ್ಲವೇನೋ ಎಂದು ನಾನು ಹಣೆ ಮುಟ್ಟಿ ನೋಡುತ್ತಿದ್ದೆ.

ಹ್ಯೂಸ್ಟನ್ ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. ಸೆಕೆ, ಸೊಳ್ಳೆ, ನೆಲವೆಲ್ಲ ಅಂಗೈಯಷ್ಟು ಮಟ್ಟಸ. ನಮ್ಮ ಮನೆಯ ಹಿಂದೆ ಒಂದು ಬಾಯು ಹರಿಯುತ್ತಿತ್ತು. ಹೊಳೆ ಎನ್ನುವಷ್ಟು ದೊಡ್ಡದಲ್ಲ, ಚರಂಡಿ ಎಂದರೆ ಊರಿನವರಿಗೆ ಸಿಟ್ಟು ಬರುತ್ತದೆ. ಎರಡು ದಿನ ಜೋರು ಮಳೆಯಾದರೆ ಅದು ಹಿತ್ತಲು ದಾಟಿ ಮೆಟ್ಟಿಲ ತನಕ ಬರುತ್ತಿತ್ತು. ಅತ್ತೆ ಜೋಳದ ಹಿಟ್ಟಿನ ಡಬ್ಬಿಯನ್ನು ಎತ್ತಿ ಫ್ರಿಜ್ಜಿನ ಮೇಲಿಟ್ಟು, ಕಿಟಕಿಯಿಂದ ನೋಡುತ್ತಾ, "ಈ ಊರಾಗ ಎತ್ತ ಹೋಗಬೇಕಂತ ನೀರಿಗೂ ಗೊತ್ತಿಲ್ಲ ನೋಡು" ಎನ್ನುತ್ತಿದ್ದರು. ಎಣ್ಣೆ ಕಂಪನಿಗಳ ದುಡ್ಡಿನಿಂದ ಬೆಳೆದ ಇಷ್ಟು ದೊಡ್ಡ ಊರು ಒಂದು ಮಳೆಗೆ ಹೆದರುವುದು ಅವರಿಗೆ ತಮಾಷೆಯಾಗಿ ಕಾಣುತ್ತಿತ್ತು. ಒಂದು ಸಲ ಪಕ್ಕದ ಬೀದಿಯ ಮನೆಗಳಿಗೆ ನೀರು ನುಗ್ಗಿ, ಜನ ದೋಣಿಯಲ್ಲಿ ಬಂದು ನಮ್ಮ ಮನೆಯಲ್ಲಿ ಮಲಗಿದ ಮೇಲೆ ಆ ತಮಾಷೆ ನಿಂತಿತು. ಅವತ್ತು ಅತ್ತೆ ಆ ಅಮೆರಿಕನ್ನರಿಗೆಲ್ಲ ಉಪ್ಪಿಟ್ಟು ಮಾಡಿ ಬಡಿಸಿದ್ದರು.

ಸಿಟಿಜನ್‌ಶಿಪ್ ಪರೀಕ್ಷೆಗೆ ಅವರು ಓದಿದ್ದು ರೊಟ್ಟಿ ಬಡಿಯುತ್ತಾ. ನನ್ನ ಮಗಳು ಅಡುಗೆಮನೆಯ ಕಟ್ಟೆ ಹತ್ತಿ ಕುಳಿತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವಳು, ಅತ್ತೆ ರೊಟ್ಟಿ ತಿರುವುತ್ತಾ ಉತ್ತರ ಹೇಳುವರು. ದೇಶದ ಅತಿ ದೊಡ್ಡ ಕಾನೂನು ಯಾವುದು, ಸೆನೆಟ್ಟಿನಲ್ಲಿ ಎಷ್ಟು ಜನ, ಸ್ವಾತಂತ್ರ್ಯ ಬಂದದ್ದು ಯಾರಿಂದ. ಆ ಕೊನೆಯ ಪ್ರಶ್ನೆಗೆ ಬ್ರಿಟಿಷರಿಂದ ಎಂದು ಹೇಳಿ ಪ್ರತಿಸಲವೂ, "ಅವರ ಕೈಯಾಗಿಂದನ ನಾವೂ ಬಿಡಿಸಿಕೊಂಡೀವಿ" ಎಂದು ಸೇರಿಸುತ್ತಿದ್ದರು. ಅಧಿಕಾರಿಯ ಮುಂದೆ ಹೋಗಿ ಒಂದೂ ತಪ್ಪದೆ ಹೇಳಿ ಬಂದರು. ಹೊರಗೆ ಬಂದು ಮೊದಲು ಕೇಳಿದ್ದು, "ಎಲೆಕ್ಷನ್ ಯಾವಾಗ?"

ಪ್ರಮಾಣ ಸ್ವೀಕಾರ ನಡೆದದ್ದು ಹ್ಯೂಸ್ಟನ್ನಿನ ಒಂದು ದೊಡ್ಡ ಹಾಲ್‌ನಲ್ಲಿ. ಎಲ್ಲೆಲ್ಲಿಯ ಜನ! ಪಕ್ಕದಲ್ಲಿದ್ದ ನೈಜೀರಿಯಾದ ಹೆಂಗಸು ಅತ್ತೆಯ ಇಳಕಲ್ ಸೀರೆಯ ಸೆರಗು ಮುಟ್ಟಿ ನೋಡಿದಳು, ಅತ್ತೆ ಅವಳ ತಲೆಯ ರುಮಾಲು ಮುಟ್ಟಿ ನೋಡಿದರು. ಬಲಗೈ ಎತ್ತಿ ಪ್ರತಿಜ್ಞೆ ಹೇಳಿ ಹೊರಬಂದರೆ ಬಾಗಿಲಲ್ಲೇ ಮೇಜು ಹಾಕಿಕೊಂಡು ಕೆಲವರು ಕೂತಿದ್ದರು. ಹೊಸ ನಾಗರಿಕರ ಹೆಸರನ್ನು ಅಲ್ಲೇ ಮತದಾರರ ಪಟ್ಟಿಗೆ ಬರೆದುಕೊಳ್ಳುತ್ತಿದ್ದರು. ಅತ್ತೆ ನೆಟ್ಟಗೆ ಹೋಗಿ ಪೆನ್ನು ತೆಗೆದುಕೊಂಡರು.

"ಅವ್ವಾ, ಮುಂದಿನ ವಾರ ನಾವು ಊರು ಬಿಡಾಕತ್ತೀವಿ. ಇಲ್ಲೆ ಬರದ್ರ ಅಲ್ಲೆ ಮತ್ತ ಬರೀಬೇಕು, ಕೌಂಟಿ ಬ್ಯಾರೆ, ಅಂದ್ರ ಜಿಲ್ಲಾನ ಬ್ಯಾರೆ. ಹೋದ ಮ್ಯಾಲ ಅಲ್ಲೇ ಮಾಡೂಣು" ಎಂದರು ನನ್ನ ಗಂಡ. ಅವರ ಕೆಲಸ ಪ್ಲೇನೋ ಎಂಬ ಊರಿಗೆ ಬದಲಾಗಿತ್ತು. ಡ್ಯಾಲಸ್ಸಿನ ಉತ್ತರಕ್ಕೆ, ಪ್ರಾಸ್ಪರ್‌ನಲ್ಲಿ ಹೊಸ ಮನೆ ತೆಗೆದುಕೊಂಡಿದ್ದೆವು. ಅತ್ತೆ ಪೆನ್ನು ಕೆಳಗಿಟ್ಟರು. ಗಂಡ ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಮನೆಯಲ್ಲಿ ತಪ್ಪುಗಳೆಲ್ಲ ಯಾವುದಾದರೂ ಸರಿಯಾದ ಮಾತಿನಿಂದಲೇ ಶುರುವಾಗುವುದು.

ಸಾಮಾನನ್ನು ಲಾರಿಯಲ್ಲಿ ಕಳಿಸಿ, ನಾವು ರಾಜಧಾನಿ ಆಸ್ಟಿನ್ ಮೇಲೆ ಹಾದು ಹೋಗೋಣ ಎಂದು ಹೊರಟೆವು. ಏಳನೇ ಕ್ಲಾಸಿನಲ್ಲಿ ಇಲ್ಲಿನ ಮಕ್ಕಳು ವರ್ಷವಿಡೀ ಟೆಕ್ಸಾಸಿನ ಚರಿತ್ರೆ ಓದಬೇಕು. ಮಗಳು ಆಗ ಆ ಕ್ಲಾಸಿನಲ್ಲಿದ್ದಳು, ಅಜ್ಜಿಗೆ ಶಾಸನಸಭೆ ತೋರಿಸಲೇಬೇಕು ಎಂದು ಹಟ ಹಿಡಿದಳು. ಗುಲಾಬಿ ಬಣ್ಣದ ಕಲ್ಲಿನ ಕಟ್ಟಡ. ವಾಷಿಂಗ್ಟನ್ನಿನದಕ್ಕಿಂತ ನಮ್ಮ ಗುಮ್ಮಟವೇ ಎತ್ತರ ಎಂದು ಇಲ್ಲಿನವರು ಹೇಳಿಕೊಳ್ಳದ ದಿನವಿಲ್ಲ. ಗುಮ್ಮಟದ ಕೆಳಗಿನ ನೆಲದಲ್ಲಿ ಈ ನಾಡನ್ನು ಆಳಿದ ದೇಶಗಳ ಲಾಂಛನ ಕೂರಿಸಿದ್ದಾರೆ. ಮಗಳು ಒಂದೊಂದರ ಮೇಲೂ ನಿಂತು ಹೇಳಿದಳು: ಸ್ಪೇನ್, ಫ್ರಾನ್ಸ್, ಮೆಕ್ಸಿಕೊ, ಆಮೇಲೆ ಟೆಕ್ಸಾಸ್ ತಾನೇ ಒಂದು ದೇಶ, ಆಮೇಲೆ ಗುಲಾಮಗಿರಿ ಉಳಿಸಿಕೊಳ್ಳಲು ಸಿಡಿದು ಹೋದ ದಕ್ಷಿಣದವರ ಒಕ್ಕೂಟ, ಮತ್ತೆ ಅಮೆರಿಕ.

"ಅಜ್ಜೀ, ಸಿಕ್ಸ್ ಕಂಟ್ರೀಸ್! ಈಸಂಟ್ ದಟ್ ಕ್ರೇಜಿ?"

"ಇದರಾಗೇನೈತಿ ಹುಚ್ಚು?" ಎಂದರು ಅತ್ತೆ. "ನಾ ಹುಟ್ಟಿದಾಗ ಧಾರವಾಡ ಮುಂಬೈದವರ ಕೈಯಾಗಿತ್ತು. ಅದಕ್ಕೂ ಮೊದಲ ಬ್ರಿಟಿಷರು, ಪೇಶ್ವೆ, ಹೈದರ, ಆದಿಲಶಾಹಿ. ಮ್ಯಾಲಿನ ಮಂದಿ ಬದಲಾಗ್ತಾರ. ಕೆಳಗಿನ ಮಂದಿ ಜ್ವಾಳ ಬಿತ್ತೂದು ಬಿಡೂದಿಲ್ಲ."

ಮಗಳಿಗೆ ಅರ್ಧ ಅರ್ಥವಾಯಿತು, ನಕ್ಕಳು. ಮೇಲಿನ ಗ್ಯಾಲರಿಗೆ ಹೋದರೆ ಸಭೆ ಖಾಲಿ. ಸಾಲುಸಾಲು ಕುರ್ಚಿ, ಒಬ್ಬರೂ ಇಲ್ಲ. ಇಲ್ಲಿ ಶಾಸಕರು ಸೇರುವುದು ಎರಡು ವರ್ಷಕ್ಕೊಮ್ಮೆ, ಅದೂ ಕೆಲವೇ ತಿಂಗಳು ಎಂದು ನಾನು ಹೇಳಿದೆ. "ಚಲೋ ಆತಲ್ಲ, ಉಳಿದಾಗ ಮಂದಿಗೆ ತ್ರಾಸಿಲ್ಲ" ಎಂದು ಅತ್ತೆ ಮುಂದಿನ ಸಾಲಿನಲ್ಲಿ ಕುಳಿತರು. ಗಂಡ, ಮಗಳು ಫೋಟೊ ತೆಗೆಯಲು ಹೋಗಿದ್ದರು. ಆಗ ಅವರು ನನಗೆ ಒಂದು ಮಾತು ಹೇಳಿದರು. ಹಿಂದೆ ಎಂದೂ ಹೇಳಿರಲಿಲ್ಲ.

"ನಾ ಒಂದ ಎಲೆಕ್ಷನ್ನೂ ತಪ್ಪಿಸಿದಾಕಿ ಅಲ್ಲವಾ. ಹೊತ್ತ ಹೊಂಡೂದಕ್ಕ ಜಳಕಾ ಮಾಡಿ ಪಾಳಿ ಹಚ್ಚತಿದ್ದೆ. ಆದ್ರ ನನ್ನ ವೋಟು ನಾನ ಹಾಕಿಲ್ಲ. ಮೊದಲ ನಮ್ಮ ಮಾವ ಹೇಳಿದ್ದಕ್ಕ ಒತ್ತಿದೆ. ಆಮ್ಯಾಲ ನಿಮ್ಮ ಮಾವ ಹೇಳಿದ್ದಕ್ಕ ಒತ್ತಿದೆ. ಮನಿ ಬಿಡೂ ಮುಂದ ಚಿಹ್ನಿ ಯಾವುದು ಅಂತ ಹೇಳಿ ಕಳಸವ್ರು, ಪ್ಯಾಟಿಗೆ ಹೋಗೂ ಹುಡುಗಗ ಏನೇನ ತರಬೇಕು ಅಂತ ಹೇಳಿದಂಗ."

"ಒಳಗೆ ಹೋದ ಮೇಲೆ ಬೇರೆಯದಕ್ಕೆ ಒತ್ತಬಹುದಿತ್ತಲ್ಲ ಅತ್ತೆ? ಯಾರು ನೋಡ್ತಾರೆ?"

"ಮನಿಗೆ ಬಂದ ಮ್ಯಾಲ ಕೇಳ್ತಿದ್ರು. ಸುಳ್ಳ ಹೇಳಾಕ ಬರೂದಿಲ್ಲ ನನಗ." ಖಾಲಿ ಕುರ್ಚಿಗಳ ಕಡೆ ಬಾಗಿ ಕೂತರು. "ಈ ಸಲ ಯಾರಿಗೂ ಕೇಳೂದಿಲ್ಲ, ಯಾರಿಗೂ ಹೇಳೂದಿಲ್ಲ. ನಿನ್ನ ಗಂಡಗೂ ಹೇಳೂದಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಮಾವನ ಮೇಲೆ ನನಗೆ ಗೌರವವಿತ್ತು. ಆ ಕ್ಷಣ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಆಸ್ಟಿನ್ ಬಿಟ್ಟು ಡ್ಯಾಲಸ್ ಕಡೆಗೆ ಹೊರಟ ಮೇಲೆ ಒಂದು ಕಡೆ ಹೆದ್ದಾರಿಯ ಪಕ್ಕದಲ್ಲಿ ಹತ್ತಿ ಒಡೆದ ಹೊಲ ಕಂಡಿತು. ಅತ್ತೆ, "ನಿಲ್ಲಸು, ನಿಲ್ಲಸು" ಎಂದು ಮಗನ ಭುಜ ಹಿಡಿದು ಅಲುಗಾಡಿಸಿದರು. ಸರ್ವಿಸ್ ರೋಡಿಗಿಳಿದು ನಿಲ್ಲಿಸಿದೆವು. ಅವರು ಹೊಲದ ಅಂಚಿಗೆ ಹೋಗಿ ಕಪ್ಪು ಮಣ್ಣಿನ ಹೆಂಟೆಯೊಂದನ್ನು ಎತ್ತಿಕೊಂಡು ಪುಡಿ ಮಾಡಿದರು. "ಎರಿ ಭೂಮಿ! ನಮ್ಮ ನವಲಗುಂದದ ಎರಿ ಇದು. ಇಷ್ಟ ದಿನ ಆ ಕೆಸರಾಗ ಇಟ್ಟಿದ್ರಲ್ಲೋ ನನ್ನ" ಎಂದು ಮಗನನ್ನು ಬೈದರು. ಅಷ್ಟು ಸಂತೋಷವಾಗಿ ಅವರು ಬೈದದ್ದನ್ನು ನಾನು ಕೇಳಿರಲಿಲ್ಲ. ಮಗಳು ತನ್ನ ಪಾಠ ನೆನಪಿಸಿಕೊಂಡು, ಈ ಹತ್ತಿಯನ್ನೆಲ್ಲ ಹಿಂದೆ ಗುಲಾಮರ ಕೈಯಲ್ಲಿ ಬಿಡಿಸುತ್ತಿದ್ದರು ಎಂದಳು. ಅತ್ತೆ ಕೈಯಲ್ಲಿದ್ದ ಮಣ್ಣು ಕೊಡವಿಕೊಂಡರು.

"ಆ ಮಂದೀಗೆ ವೋಟು ಯಾವಾಗ ಬಂತು?"

"ಲಾ ಬಂತು ಅಜ್ಜೀ, ಬಟ್ ವೋಟ್ ಮಾಡಕ್ಕೆ ಬಿಡ್ಲಿಲ್ಲ. ಫಾರ್ ಸೋ ಲಾಂಗ್. ಟ್ಯಾಕ್ಸ್ ಕಟ್ಟಿದ್ರೆ ಮಾತ್ರ ಅಂದ್ರು."

ಕಾರಿನಲ್ಲಿ ಕೂತ ಮೇಲೆ ಅತ್ತೆ, ಸಣ್ಣ ಸಣ್ಣ ಚುನಾವಣೆಗಳಿಗೆ ನೀನು ಹೋಗುತ್ತೀಯೋ ಇಲ್ಲವೋ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. "ಹೋಗಬೇಕವಾ" ಎಂದಷ್ಟೇ ಹೇಳಿದರು.

ಹೊಸ ಮನೆಯಲ್ಲಿ ಅವರಿಗೆ ಎಲ್ಲ ಹಿಡಿಸಿತು. ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಅದರ ಜೊತೆ ಮನೆಯ ಗೋಡೆಯೂ ಬಿರಿಯುತ್ತದೆ, ಆದ್ದರಿಂದ ಇಲ್ಲಿ ಮನೆಯ ಸುತ್ತ ತೂತಿನ ಪೈಪು ಹಾಕಿ ತಳಪಾಯಕ್ಕೆ ನೀರು ಬಿಡಬೇಕು. ಅದನ್ನು ನೋಡಿ, "ಮನೀನೂ ಎಮ್ಮಿ ಹಂಗ ಮೈ ತೊಳಿಸಿಕೋತೈತಿ" ಎಂದು ನಕ್ಕು, ಆ ಕೆಲಸವನ್ನು ತಾವೇ ವಹಿಸಿಕೊಂಡರು. ಬೀದಿಯಲ್ಲಿ ಅರ್ಧಕ್ಕರ್ಧ ನಮ್ಮವರೇ. ಈ ಕಡೆ ಮನೆ ಮಾರುವ ಅಮೆರಿಕನ್ನರಿಗೂ ನಮ್ಮ ಅಭ್ಯಾಸ ಗೊತ್ತಾಗಿದೆ, ಬೀಗದ ಕೈ ಕೊಡುವ ಮೊದಲು ಒಳ್ಳೆಯ ದಿನ ಯಾವುದು ಎಂದು ಅವರೇ ಕೇಳುತ್ತಾರೆ. ನಾವೂ ಪಿತೃಪಕ್ಷ ಹತ್ತುವ ಮೊದಲು ಎಲ್ಲ ಮುಗಿಯಬೇಕೆಂದು ಅವಸರಪಡಿಸಿ, ಪುರೋಹಿತರನ್ನು ಕೇಳಿ, ಹಾಲುಕ್ಕಿಸಿ ಒಳಗೆ ಬಂದೆವು. ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಪಕ್ಷ ಶುರುವಾಯಿತು.

ವೋಟಿನ ಅರ್ಜಿಯ ನೆನಪಾಗಿ ಫೋನಿನಲ್ಲಿ ತುಂಬೋಣವೆಂದು ಹುಡುಕಿದರೆ, ಟೆಕ್ಸಾಸಿನಲ್ಲಿ ಹಾಗೆ ಆಗುವುದಿಲ್ಲವಂತೆ. ಪ್ಲೇನೋದಲ್ಲಿ ಕೂತು ಜಗತ್ತಿನ ಬ್ಯಾಂಕುಗಳನ್ನೆಲ್ಲ ಕಂಪ್ಯೂಟರಿನಲ್ಲಿ ನಡೆಸುವವರು ನಾವು. ವೋಟಿನ ಪಟ್ಟಿಗೆ ಸೇರಬೇಕಾದರೆ ಮಾತ್ರ ಕಾಗದ, ಪೆನ್ನು, ಅಂಚೆ. ನಾನು ಕಾಗದ ತಂದು ಎಲ್ಲ ತುಂಬಿ ಅತ್ತೆಯ ಮುಂದಿಟ್ಟೆ. ಸಹಿಯೊಂದು ಬಾಕಿ.

"ಸಹಿ ಮಾಡೂದು ಅಂದ್ರ ಹೊಸಾ ಕೆಲಸ ಹೌದಿಲ್ಲೋ?" ಎಂದರು. "ಜಲ್ಮದಾಗ ಮೊದಲನೇ ಸಲ ನನ್ನ ಸ್ವಂತ ವೋಟು. ಪಕ್ಷದಾಗ ಬ್ಯಾಡವಾ. ಅಮಾಸಿ ಕಳೀಲಿ. ಪಾಡ್ಯಾ ದಿನಾ ನವರಾತ್ರಿ ಘಟ್ಟ ಹಾಕಿ, ದೇವಿ ಮುಂದ ಸಹಿ ಮಾಡ್ತೀನಿ."

ನನಗೂ ಅದು ಸರಿ ಅನ್ನಿಸಿತು. ಪಕ್ಷದಲ್ಲಿ ನಾನೂ ಒಂದು ಹೊಸ ಚಮಚ ಕೊಳ್ಳುವವಳಲ್ಲ. ಚುನಾವಣೆ ನವೆಂಬರಿನಲ್ಲಿ, ಕ್ಯಾಲೆಂಡರಿನಲ್ಲಿ ಬೇಕಾದಷ್ಟು ದಿನವಿತ್ತು. ನನ್ನ ಹೆಸರು ಹ್ಯೂಸ್ಟನ್ನಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಅಲ್ಲಿನ ಪಟ್ಟಿಗೆ, ಇಲ್ಲಿಗೆ ಬಂದ ವಾರವೇ ಕಚೇರಿಗೆ ಹೋಗಿ ಅದರ ವಿಳಾಸ ಬದಲಿಸುವಾಗ ಇಲ್ಲಿನ ಪಟ್ಟಿಗೆ ತಾನಾಗಿ ಸೇರಿಹೋಗಿತ್ತು, ಹೆಸರು ಕೊಡಲು ಕೊನೆಯ ದಿನ ಎಂಬುದೊಂದು ಇರುತ್ತದೆ ಎಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಅತ್ತೆ ಆ ಕಾಗದದ ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟರು.

ಅಡುಗೆಮನೆಯ ಗೋಡೆಯ ಮೇಲೆ ಧಾರವಾಡದ ಕ್ಯಾಲೆಂಡರು ಇತ್ತು. ಅತ್ತೆಯ ತಮ್ಮ ಪ್ರತಿವರ್ಷ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಏಕಾದಶಿ, ಸಂಕಷ್ಟಿ, ಹಬ್ಬ ಎಲ್ಲವೂ ನಮಗೆ ಅದರ ಪ್ರಕಾರವೇ. ಆ ಸಲದ ಅಮಾವಾಸ್ಯೆಯ ಕಪ್ಪು ಚುಕ್ಕೆ ಮಂಗಳವಾರದ ಮನೆಯಲ್ಲಿತ್ತು. "ಅಮಾಸಿ, ಅದೂ ಮಂಗಳಾರ" ಎಂದು ಅತ್ತೆ ತಲೆಯಾಡಿಸಿದ್ದರು.

ಪಕ್ಷದ ದಿನಗಳಲ್ಲಿ ಸಹಿಯೊಂದನ್ನು ಬಿಟ್ಟು ಉಳಿದ ತಯಾರಿಯೆಲ್ಲ ನಡೆಯಿತು. ಯಾರು ಯಾರು ನಿಂತಿದ್ದಾರೆ, ಅವರು ಏನು ಹೇಳುತ್ತಾರೆ ಎಂದು ನಾನು ಓದಿ ಕನ್ನಡದಲ್ಲಿ ಹೇಳಬೇಕು, ಅತ್ತೆ ಅವರೆಕಾಯಿ ಸುಲಿಯುತ್ತಾ ಕೇಳುವರು. ಇಲ್ಲಿ ನ್ಯಾಯಾಧೀಶರನ್ನೂ ಜನರೇ ಆರಿಸುತ್ತಾರೆ ಎಂದಾಗ ಅವರಿಗೆ ನಂಬಿಕೆ ಬರಲಿಲ್ಲ. ಕೌಂಟಿ ಜಡ್ಜ್ ಎನ್ನುವವರು ನ್ಯಾಯಾಧೀಶರ ಕೆಲಸಕ್ಕಿಂತ ಜಿಲ್ಲೆಯ ಆಡಳಿತವನ್ನೇ ಹೆಚ್ಚು ನೋಡಿಕೊಳ್ಳುತ್ತಾರೆ ಎಂದೆ. ರೈಲ್‌ರೋಡ್ ಕಮಿಷನರ್‌ಗೂ ರೈಲಿಗೂ ಈಗ ಸಂಬಂಧವಿಲ್ಲ, ಅವರು ನೋಡುವುದು ಎಣ್ಣೆ ಬಾವಿ ಎಂದೆ. "ಊದಿನಕಡ್ಡಿ ಅಂಗಡ್ಯಾಗ ಉಪ್ಪು ಮಾರಿದಂಗಾತು" ಎಂದು ಬಿದ್ದುಬಿದ್ದು ನಕ್ಕರು. ಒಬ್ಬೊಬ್ಬರ ಬಗ್ಗೆಯೂ ಎರಡೆರಡು ಸಲ ಕೇಳಿದರು. ಒಂದು ದಿನ, "ಸಾಕು ಬಿಡು, ನಂದು ಆತು" ಎಂದರು. ಯಾರು ಎಂದು ನಾನು ಕೇಳಲಿಲ್ಲ. ಕೇಳಬಾರದು ಎಂಬುದು ನಮ್ಮ ನಡುವಿನ ಒಪ್ಪಂದವಾಗಿತ್ತು.

ಮಂಗಳವಾರ ಮಾವನಿಗೆ ಎಡೆ ಇಟ್ಟೆವು. ಅತ್ತೆ ಬೆಳಿಗ್ಗೆಯಿಂದ ಏನೂ ತಿನ್ನದೆ ಮಾವನಿಗೆ ಇಷ್ಟವಾದ ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣಗಾಯಿ ಎಲ್ಲ ಮಾಡಿದರು. ಗಂಡ ರಜೆ ಹಾಕಿದ್ದರು. ದಿನವೆಲ್ಲ ಅದರಲ್ಲೇ ಕಳೆಯಿತು.

ಬುಧವಾರ ಅತ್ತೆ ತಲೆಗೆ ಸ್ನಾನ ಮಾಡಿ, ಘಟ್ಟ ಹಾಕಿ, ದೀಪ ಹಚ್ಚಿ, ದೇವಿಯ ಮುಂದೆ ಕೂತು ಸಹಿ ಮಾಡಿದರು. ಇಂಗ್ಲಿಷಿನಲ್ಲಿ, ಒಂದೊಂದೇ ಅಕ್ಷರ. ಅಂಚೆಗೆ ಹಾಕುವುದು ಬೇಡ, ನಾವೇ ಕೊಟ್ಟುಬರೋಣ ಎಂದರು. ನಾನು ಅವರನ್ನು ಕೂರಿಸಿಕೊಂಡು ಮೆಕಿನಿಯಲ್ಲಿರುವ ಕೌಂಟಿ ಕಚೇರಿಗೆ ಡ್ರೈವ್ ಮಾಡಿದೆ. ಅಲ್ಲಿದ್ದ ಹುಡುಗಿ ಕಾಗದವನ್ನು ನೋಡಿ, ಅರಿಶಿನದ ಗುರುತು ನೋಡಿ, ನಮ್ಮ ಮುಖ ನೋಡಿದಳು. ಕಾಗದ ಸರಿಯಾಗಿದೆ, ತೆಗೆದುಕೊಳ್ಳುತ್ತೇನೆ, ಆದರೆ ಈ ನವೆಂಬರಿಗೆ ಆಗುವುದಿಲ್ಲ ಎಂದಳು. ಕೊನೆಯ ದಿನ ನಿನ್ನೆ. ನಿನ್ನೆಯ ಅಂಚೆ ಮುದ್ರೆ ಇದ್ದಿದ್ದರೂ ಸಾಕಿತ್ತು. ಪಾಪ, ಅವಳೇ ನೊಂದುಕೊಂಡು ಎರಡು ಸಲ ಸಾರಿ ಹೇಳಿದಳು.

ಅತ್ತೆಗೆ ಇಂಗ್ಲಿಷ್ ಅಷ್ಟು ಅರ್ಥವಾಗುತ್ತಿತ್ತು. ನಾನು ಅನುವಾದ ಮಾಡಬೇಕಾದ ಕಷ್ಟ ತಪ್ಪಿತು. "ಅಮಾಸಿ ದಿನಾ ಹೆಂಗ ಮಾಡಾಕ ಬರ್ತಿತ್ತು, ಹೋಗಲಿ" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ಅಮಾವಾಸ್ಯೆಯ ದಿನವೇ ಗಡುವು ಬಿದ್ದರೆ ಯಾರು ಏನು ಮಾಡಲು ಸಾಧ್ಯ, ಹಣೆಬರಹ ಎಂದು ಇಬ್ಬರೂ ಒಪ್ಪಿಕೊಂಡೆವು. ಅಲ್ಲಿಗೇ ಮುಗಿದಿದ್ದರೆ ಇಷ್ಟು ವರ್ಷ ನಾನು ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ.

ಸಂಜೆ ನವರಾತ್ರಿಯ ಮೊದಲ ದಿನವೆಂದು ದೇವಸ್ಥಾನಕ್ಕೆ ಹೋದೆವು. ದೇವಿಯ ಅಲಂಕಾರ ನೋಡಿ, ಇವತ್ತಿಗೆ ಯಾವ ಅಲಂಕಾರ ಎಂದು ಪುರೋಹಿತರನ್ನು ಕೇಳಿದೆ. "ಇದು ಎರಡನೇ ದಿನದ್ದಮ್ಮ. ನಿನ್ನೆ ಬೆಳಿಗ್ಗೇನೇ ಕಲಶ ಸ್ಥಾಪನೆ ಆಯ್ತಲ್ಲ, ನೀವು ಬರ್ಲಿಲ್ವ?" ಎಂದರು.

ನಿನ್ನೆ ಅಮಾವಾಸ್ಯೆ ಅಲ್ಲವೇ ಎಂದೆ. ಅವರು ಇಂಥವರನ್ನು ಬಹಳ ಜನ ನೋಡಿದ್ದರೆಂದು ಕಾಣುತ್ತದೆ, ತಾಳ್ಮೆಯಿಂದ ಹೇಳಿದರು. "ಊರಿನ ಕ್ಯಾಲೆಂಡರ್ ನೋಡ್ತೀರಾ? ಅಮಾವಾಸ್ಯೆ ಮುಗಿಯೋ ಗಳ್ಗೆ ಎಲ್ಲಾ ಕಡೆ ಒಂದೇ ಅಮ್ಮ. ಅಲ್ಲಿ ಮಂಗಳವಾರ ಬೆಳಿಗ್ಗೆ ಮುಗೀತು ಅಂದ್ರೆ ನಮಗಿಲ್ಲಿ ಅದು ಸೋಮವಾರ ರಾತ್ರಿ. ಇಲ್ಲಿ ಮಂಗಳವಾರ ಹೊತ್ತು ಹುಟ್ಟುವಾಗಲೇ ಪಾಡ್ಯ." ಮಂಟಪದ ಪಕ್ಕದಲ್ಲಿ ಅವರದೇ ಅಮೆರಿಕದ ಪಂಚಾಂಗದ ರಾಶಿ ಇತ್ತು. ಬೇಕಾದರೆ ಒಂದು ತೆಗೆದುಕೊಂಡು ಹೋಗಿ ಎಂದರು.

ಅತ್ತೆ ಕಂಬಕ್ಕೆ ಒರಗಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ಅಂದ್ರ ನಿನ್ನೇನ ಚಲೋ ದಿನಾ ಇತ್ತು" ಎಂದರು.

ನನಗೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಬೇಕೋ ತಿಳಿಯಲಿಲ್ಲ. ಮನೆಯ ಬೀಗದ ಕೈಗೆ ದಿನ ಕೇಳಲು ಪುರೋಹಿತರು ಬೇಕಾದರು, ಕಾರಿಗೆ ನಿಂಬೆಹಣ್ಣು ಇಡಲು ಬೇಕಾದರು, ಒಂದು ಸಹಿಗೆ ಅವರನ್ನು ಕೇಳೋಣ ಎಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಮಾವನ ಮೇಲೂ ಕೋಪ ಬಂತು. ಬದುಕಿದ್ದಾಗ ಚಿಹ್ನೆ ಹೇಳಿಕೊಟ್ಟು ಕಸಿದುಕೊಂಡರು, ಸತ್ತ ಮೇಲೆ ಹೋಳಿಗೆ ಮಾಡಿಸಿಕೊಂಡು ಕಸಿದುಕೊಂಡರು. ಸತ್ತವರ ಬಗ್ಗೆ ಹಾಗೆ ಯೋಚಿಸಬಾರದು ಎಂದು ಗೊತ್ತು. ಯೋಚನೆ ಬಂದದ್ದು ನಿಜ. ಮನೆಗೆ ಬಂದವಳೇ ಗೋಡೆಯ ಮೇಲಿನ ಕ್ಯಾಲೆಂಡರನ್ನು ಕಿತ್ತೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸುಕ್ಕು ಸವರಿ ಮತ್ತೆ ಮೊಳೆಗೆ ಹಾಕಿದರು. "ಅದರದೇನು ತಪ್ಪೈತಿ? ಅದು ಧಾರವಾಡದ್ದು. ಅಲ್ಲಿದ್ದು ಅಲ್ಲಿಗೆ ಸರಿ ಐತಿ" ಎಂದರು.

ಅವರ ಹೆಸರು ಪಟ್ಟಿಗೆ ಬಂದಿತು. ಚುನಾವಣೆ ಮಂಗಳವಾರ, ಅವರ ಹಕ್ಕು ಜಾರಿಗೆ ಬರುವುದು ಅದೇ ವಾರದ ಶುಕ್ರವಾರ. ಮಂಗಳವಾರ ಬೆಳಿಗ್ಗೆ ನಾನು ಹೊರಟಾಗ ಅತ್ತೆ ಸ್ನಾನ ಮಾಡಿ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಿಡುವುದಿಲ್ಲ ಅತ್ತೆ ಎಂದೆ. "ಹೊರಗ ಕುಂದರತೀನಿ" ಎಂದರು. ನಮ್ಮ ಮತಗಟ್ಟೆಯಾಗಿದ್ದ ಚರ್ಚಿನ ಹಾಲ್ ಮುಂದೆ ಜನರ ಸಾಲು ಪಾರ್ಕಿಂಗ್ ತನಕ ಬಂದಿತ್ತು. ಅತ್ತೆ ಕಾರಿನ ಕಿಟಕಿ ಇಳಿಸಿ ಆ ಸಾಲನ್ನು ನೋಡುತ್ತಾ ಕೂತರು. ನಾನು ಒಳಗೆ ಹೋಗಿ ಪರದೆಯ ಮುಂದೆ ನಿಂತಾಗ, ಅವರು ಯಾರನ್ನು ಆರಿಸಿದ್ದರೋ ಅವರಿಗೇ ನನ್ನ ವೋಟನ್ನೂ ಹಾಕಿಬಿಡೋಣ ಅನ್ನಿಸಿತು. ಯಾರೆಂದು ನನಗೆ ಗೊತ್ತಿರಲಿಲ್ಲ. ಹೊರಗೆ ಹೋಗಿ ಕೇಳಿದ್ದರೆ ಹೇಳುತ್ತಿದ್ದರೇನೋ. ಈಗಲೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ವೋಟು ಹಾಕಿದವರಿಗೆ ಒಂದು ಸ್ಟಿಕರ್ ಕೊಡುತ್ತಾರೆ. ನಾನು ಅದನ್ನು ತಂದು ಅತ್ತೆಯ ಸೆರಗಿಗೆ ಅಂಟಿಸಲು ಹೋದೆ. ಕೈ ತಡೆದರು. "ಬ್ಯಾಡವಾ. ಹಾಕಲಾರದ ಹಾಕೀನಿ ಅಂತ ಯಾಕ ಹಚ್ಚಿಕೋಬೇಕು? ಮುಂದಿನದು ಯಾವಾಗ?"

ಮೇ ತಿಂಗಳಲ್ಲಿ ಊರಿನ ಚುನಾವಣೆ ಇದೆ, ಸಿಟಿ ಕೌನ್ಸಿಲ್, ಶಾಲೆಯ ಬೋರ್ಡು, ಅಂಥ ದೊಡ್ಡದೇನಲ್ಲ ಎಂದೆ. "ದೊಡ್ಡದು ಸಣ್ಣದು ನೀ ಹೇಳಬ್ಯಾಡ" ಎಂದು ಗದರಿದರು.

ಆ ಚಳಿಗಾಲದಲ್ಲಿ ತಮ್ಮನ ಮಗನ ಮದುವೆಗೆಂದು ಧಾರವಾಡಕ್ಕೆ ಹೋದರು. ವಾಪಸು ಟಿಕೆಟ್ ಏಪ್ರಿಲ್ ಕೊನೆಗೆ. ಏರ್‌ಪೋರ್ಟಿನಲ್ಲಿ ನನಗೆ ಎರಡೇ ಮಾತು ಹೇಳಿದ್ದು, ಪಾಯಕ್ಕೆ ನೀರು ಬಿಡುವುದು ಮರೆಯಬೇಡ, ಮೇ ಒಳಗೆ ಬರುತ್ತೇನೆ. ಮದುವೆ ಚೆನ್ನಾಗಿ ಆಯಿತು. ಅದಾಗಿ ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ತಮ್ಮನ ಮನೆಯಲ್ಲಿ ಊಟ ಮಾಡಿ ಮಲಗಿದವರು ಏಳಲಿಲ್ಲ. ಗಂಡ ಸಿಕ್ಕ ವಿಮಾನ ಹತ್ತಿ ಹೋದರು. ಮಗಳ ಪರೀಕ್ಷೆ ಇತ್ತು, ನಾನು ಹೋಗಲಾಗಲಿಲ್ಲ. ಫೋನಿನಲ್ಲಿ ಮುಖ ನೋಡಿದೆ.

ಮೇ ತಿಂಗಳ ಆ ಶನಿವಾರ ನಾನು ವೋಟು ಹಾಕಲು ಹೋದೆ. ಇಷ್ಟು ವರ್ಷಗಳಲ್ಲಿ ಊರಿನ ಚುನಾವಣೆಗೆ ನಾನು ಹೋದದ್ದು ಅದೇ ಮೊದಲು. ಹಾಲ್ ಖಾಲಿ ಹೊಡೆಯುತ್ತಿತ್ತು. ಮೇಜಿನ ಹಿಂದೆ ವಯಸ್ಸಾದ ಬಿಳಿಯ ಹೆಂಗಸೊಬ್ಬರು ಉಲ್ಲನ್ ಹೆಣೆಯುತ್ತಾ ಕೂತಿದ್ದರು, ನನ್ನನ್ನು ಕಂಡು ಹಿಗ್ಗಿದರು. ನನ್ನ ಲೈಸೆನ್ಸನ್ನು ಯಂತ್ರ ಓದಲಿಲ್ಲ. ಅವರು ಮನೆತನದ ಹೆಸರು ಟೈಪ್ ಮಾಡಿ, ಕನ್ನಡಕ ಏರಿಸಿಕೊಂಡು ನೋಡಿ, ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು.

"ಈ ವಿಳಾಸದಲ್ಲಿ ನಿಮ್ಮ ಮನೆತನದ ಹೆಸರಿನ ಇಬ್ಬರು ಹೆಂಗಸರಿದ್ದೀರಿ. ನೀವು ಮೇಲಿನವರೋ, ಕೆಳಗಿನವರೋ?"

ತೀರಿಕೊಂಡದ್ದು ಧಾರವಾಡದಲ್ಲಿ, ಇಲ್ಲಿನವರಿಗೆ ಹೇಗೆ ತಿಳಿಯಬೇಕು? ತಿಳಿಸಬೇಕು ಎಂದು ನಮಗೂ ಹೊಳೆದಿರಲಿಲ್ಲ. ಮೇಲಿನ ಹೆಸರನ್ನು ಓದಿದೆ. ಇಂಗ್ಲಿಷಿನಲ್ಲಿ ಪೂರ್ತಿ ಬರೆದಿತ್ತು.

"ಕೆಳಗಿನವಳು" ಎಂದೆ.

ಅವರು ಚೀಟಿ ಕೊಟ್ಟರು. ನಾನು ಒಳಗೆ ಹೋಗಿ, ಎಲ್ಲ ಹೆಸರುಗಳನ್ನೂ ಎರಡೆರಡು ಸಲ ಓದಿ, ವೋಟು ಹಾಕಿ ಬಂದೆ. ಹೊರಡುವಾಗ ಅವರು ಹೆಣಿಗೆ ಕೆಳಗಿಟ್ಟು ಕರೆದರು.

"ನಿಮ್ಮ ಮನೆಯ ಇನ್ನೊಬ್ಬರು ಇನ್ನೂ ಬಂದಿಲ್ಲ. ಬೆಳಗಿನಿಂದ ಜನವೇ ಇಲ್ಲ ನೋಡಿ. ಸಂಜೆ ಏಳರ ತನಕ ನಾವಿಲ್ಲೇ ಇರುತ್ತೇವೆ, ಅವರಿಗೆ ಹೇಳಿ."

ಆಗಲಿ, ಹೇಳುತ್ತೇನೆ ಎಂದು ಹೊರಗೆ ಬಂದೆ.